ಇದು ಯಾರ ಕೈಯ ಕೆಲಸ?

ಹಳೆಯ ಕ್ಯಾಂಪರ್ ವ್ಯಾನ್ ಕೊಂಡವರಿಗೆ ವ್ಯಾನಿನ ಜೊತೆಗೆ ಒಂದು ಡಬ್ಬಿಯೂ ಬರುತ್ತದೆ. ಬಿಸ್ಕತ್ತಿನ ತಗಡಿನ ಡಬ್ಬಿಯೋ, ಐಸ್‌ಕ್ರೀಮಿನ ಪ್ಲಾಸ್ಟಿಕ್ ಡಬ್ಬಿಯೋ, ಅಂತೂ ಒಂದು ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಹಿತ್ತಾಳೆಯ ಚೂರುಗಳು, ಬಾಗಿದ ಕೊಕ್ಕೆಗಳು, ತುಕ್ಕು ಹಿಡಿದ ರಿಲೇ, ಯಾವ ಬೀಗಕ್ಕೂ ಹೊಂದದ ಬೀಗದ ಕೈಗಳು, ಒಣಗಿ ಬಿರುಕು ಬಿಟ್ಟ ರಬ್ಬರ್ ಉಂಗುರಗಳು. ಮಾರಿದವರನ್ನು ಕೇಳಿದರೆ, ನಾವು ಕೊಂಡಾಗಲೂ ಹೀಗೇ ಇತ್ತು, ಎಸೆಯೋಕೆ ಮನಸ್ಸಾಗಲಿಲ್ಲ ಅನ್ನುತ್ತಾರೆ. ಡಬ್ಬಿಯಲ್ಲಿ ಬಂದದ್ದು ಸಾಲದು ಎಂಬಂತೆ ವ್ಯಾನಿನ ಮೈಯಲ್ಲೂ ಹೆಸರಿಲ್ಲದ ಸಾಮಾನುಗಳಿರುತ್ತವೆ. ಎಲ್ಲಿಗೂ ಹೋಗದ ತಂತಿ, ಏನನ್ನೂ ಹೊತ್ತಿಸದ ಸ್ವಿಚ್ಚು, ಏನನ್ನೂ ಹಿಡಿದಿರದ ಕ್ಲಾಂಪು, ನೆಲದಲ್ಲೊಂದು ತೂತು.

ಇವುಗಳ ಹೆಸರು, ಕೆಲಸ ಕಂಡುಹಿಡಿಯುವುದು ಹೇಗೆ ಎಂಬುದೇ ಇವತ್ತಿನ ಮಾತು.

ಕ್ಯಾಂಪರ್ ವ್ಯಾನ್ ಅಂದರೆ ನಮ್ಮವರಿಗೆ ಸಿನಿಮಾ ಚಿತ್ರೀಕರಣದ ಜಾಗದಲ್ಲಿ ನಟನಟಿಯರಿಗಾಗಿ ನಿಲ್ಲಿಸಿರುವ ಕ್ಯಾರವಾನ್ ನೆನಪಾದೀತು. ಅಷ್ಟು ದೊಡ್ಡದಲ್ಲ ಇದು. ಹೆಚ್ಚುಕಡಿಮೆ ನಮ್ಮ ಹಳೆಯ ಮೆಟಡೋರ್‌ನಷ್ಟು ಗಾತ್ರದ ವ್ಯಾನು. ಅದರೊಳಗೇ ಎರಡು ಒಲೆ, ಒಂದು ನೀರಿನ ತೊಟ್ಟಿ, ಕಪಾಟು, ಮಡಚಿದರೆ ಆಸನ, ಬಿಡಿಸಿದರೆ ಹಾಸಿಗೆ. ಚಾವಣಿಯನ್ನು ಮೇಲಕ್ಕೆತ್ತಿದರೆ ನೆಟ್ಟಗೆ ನಿಲ್ಲಬಹುದು. ಮೆಟಡೋರ್ ಹೆಸರು ಬಂತಲ್ಲ, ಅದಕ್ಕೂ ಈ ಕಥೆಗೂ ಒಂದು ನಂಟಿದೆ. ಜರ್ಮನಿಯ ಹ್ಯಾಂಬರ್ಗಿನ ಟೆಂಪೊ ಕಂಪನಿ 1949ರಲ್ಲಿ ಹೊರತಂದ ಮೊಟ್ಟಮೊದಲ ಮೆಟಡೋರ್‌ಗೆ ಹಾಕಿದ್ದು ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ನು. ನಾನು ಹೇಳಹೊರಟಿರುವುದು ಆ ಫೋಕ್ಸ್‌ವ್ಯಾಗನ್ನಿನದೇ ವ್ಯಾನಿನ ವಿಷಯ.

ಅದರ ಹುಟ್ಟು ಒಂದು ಪುಟದಲ್ಲಿ ಗೀಚಿದ ಚಿತ್ರದಿಂದ. ಹಾಲೆಂಡಿನಲ್ಲಿ ಈ ಕಾರುಗಳನ್ನು ತರಿಸಿ ಮಾರಲು ಹೊರಟಿದ್ದ ಬೆನ್ ಪಾನ್ ಎಂಬಾತ, ವೋಲ್ಫ್ಸ್‌ಬರ್ಗ್ ಕಾರ್ಖಾನೆಯೊಳಗೆ ಸಾಮಾನು ಸಾಗಿಸಲು ಕಾರ್ಮಿಕರು ಬಳಸುತ್ತಿದ್ದ ಚಪ್ಪಟೆ ಗಾಡಿಯನ್ನು ನೋಡಿ, 1947ರ ಏಪ್ರಿಲ್‌ನಲ್ಲಿ ತನ್ನ ನೋಟ್‌ಬುಕ್ಕಿನಲ್ಲಿ ಒಂದು ಪೆಟ್ಟಿಗೆಯಾಕಾರದ ವಾಹನವನ್ನು ಬರೆದ. ಮುಂದೆ ಚಾಲಕ, ಹಿಂದೆ ಎಂಜಿನ್ನು, ನಡುವೆ ಸರಕು. 1950ರ ಮಾರ್ಚ್‌ನಲ್ಲಿ ಅದರ ತಯಾರಿಕೆ ಶುರುವಾಯಿತು. 1956ರಲ್ಲಿ ಹ್ಯಾನೋವರ್‌ನಲ್ಲಿ ಇದಕ್ಕೆಂದೇ ಕಾರ್ಖಾನೆ ಎದ್ದಿತು. ಮುಂದಿನ ಗಾಜು ಎರಡು ಹೋಳಾಗಿದ್ದದ್ದು 1967ರಲ್ಲಿ ಒಂದೇ ಅಗಲ ಗಾಜಾಯಿತು. ಈ ಎರಡನೆಯ ರೂಪ ಜರ್ಮನಿಯಲ್ಲಿ 1979ರವರೆಗೆ, ಬ್ರೆಜಿಲ್‌ನಲ್ಲಿ 2013ರವರೆಗೂ ನಡೆಯಿತು.

ಆದರೆ ಕಾರ್ಖಾನೆಯಿಂದ ಹೊರಬಂದದ್ದು ವ್ಯಾನು ಮಾತ್ರ, ಮನೆಯಲ್ಲ. ಮನೆ ಮಾಡುತ್ತಿದ್ದವರು ಬೇರೆ. ಜರ್ಮನಿಯಲ್ಲಿ ವೆಸ್ಟ್‌ಫಾಲಿಯಾ ಕಂಪನಿ 1951ರಲ್ಲಿ ವ್ಯಾನಿನೊಳಗೆ ಇಡುವ ಕ್ಯಾಂಪಿಂಗ್ ಪೆಟ್ಟಿಗೆಯಿಂದ ಆರಂಭಿಸಿತು. ಇಂಗ್ಲೆಂಡಿನಲ್ಲಿ ಫೋಕ್‌ಸ್ಟನ್ ಊರಿನ ಡಾರ್ಮೊಬೈಲ್ ಇತ್ತು, ಡ್ಯಾನ್‌ಬರಿ ಇತ್ತು, ಸಿಡ್ಮತ್ ಎಂಬ ಕಡಲತೀರದ ಊರಿನಲ್ಲಿ ಡೆವನ್ ಹೆಸರಿನ ವ್ಯಾನುಗಳನ್ನು ಮಾಡುವವರಿದ್ದರು. ಹ್ಯಾನೋವರ್‌ನಿಂದ ಬಂದ ಖಾಲಿ ವ್ಯಾನಿನ ಚಾವಣಿ ಕೊಯ್ದು, ಮರದ ಕಪಾಟು ಕೂರಿಸಿ, ಗ್ಯಾಸು, ನೀರು, ದೀಪ ಎಳೆದುಕೊಡುವುದು ಇವರ ಕಸುಬು. ಅದಾದ ಮೇಲೆ ಮಾಲೀಕರು. ಐವತ್ತು ವರ್ಷದಲ್ಲಿ ಒಬ್ಬರಾದ ಮೇಲೊಬ್ಬರು, ಪ್ರತಿಯೊಬ್ಬರಿಗೂ ಒಂದು ಡ್ರಿಲ್ಲು, ಒಂದು ಉಪಾಯ.

ಹಾಗಾಗಿ ಇಂಥ ವ್ಯಾನಿನಲ್ಲಿ ಮೂರು ಕೈಗಳ ಕೆಲಸ ಇರುತ್ತದೆ. ಗೊತ್ತಿಲ್ಲದ ಬಿಡಿಭಾಗವೊಂದು ಸಿಕ್ಕಾಗ ಎಲ್ಲರೂ ಕೇಳುವ ಪ್ರಶ್ನೆ, ಇದೇನು? ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಮೊದಲು ಕೇಳಬೇಕಾದ್ದು, ಇದು ಯಾರ ಕೈಯ ಕೆಲಸ? ಅದು ಗೊತ್ತಾದರೆ ಎಲ್ಲಿ ಹುಡುಕಬೇಕು ಅನ್ನುವುದು ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಇಂಗ್ಲೆಂಡಿನ ಬಡಗಿ ಹಾಕಿದ ಕೊಕ್ಕೆಯನ್ನು ಜರ್ಮನಿಯ ಕ್ಯಾಟಲಾಗಿನಲ್ಲಿ ಹುಡುಕುತ್ತ ವಾರಗಟ್ಟಲೆ ಕೂರಬೇಕಾಗುತ್ತದೆ.

ಮೈಸೂರಿನಲ್ಲಿ ಬಹಳ ವರ್ಷ ಕಾರು ಲಾರಿಗಳ ಎಲೆಕ್ಟ್ರಿಕಲ್ ಕೆಲಸ ಮಾಡಿಕೊಂಡಿದ್ದವನು ನಾನು. ನನ್ನ ಅಕ್ಕನ ಮಗ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದ್ದಾನೆ. ಅವನು 1972ರ ಡೆವನ್ ವ್ಯಾನೊಂದನ್ನು ಕೊಂಡ. ಅವರ ಮನೆಗೆ ಹೋಗಿದ್ದ ಬೇಸಿಗೆಯಲ್ಲಿ ಊರು ನೋಡಿದ್ದಕ್ಕಿಂತ ಆ ವ್ಯಾನಿನ ಹೊಟ್ಟೆ ನೋಡಿದ್ದೇ ಹೆಚ್ಚು. ಅಕ್ಕನಿಗೆ ಇದರ ಬಗ್ಗೆ ಇವತ್ತಿಗೂ ಸಿಟ್ಟಿದೆ.

ಕಾರ್ಖಾನೆಯ ಕೈ ಅಕ್ಷರ ಬಲ್ಲ ಕೈ. ತಾನು ಮುಟ್ಟಿದ್ದರ ಮೇಲೆಲ್ಲ ಅಂಕಿ ಬರೆಯುತ್ತದೆ. ಆ ಅಂಕಿಗಳು ಜಿಡ್ಡು, ಮಣ್ಣು, ಬಣ್ಣದ ಪದರಗಳ ಕೆಳಗೆ ಹೂತುಹೋಗಿರುತ್ತವೆ, ಅಷ್ಟೆ. ಇಲ್ಲಿ ತಂತಿಬ್ರಶ್ಶು ಹಾಕಿ ತಿಕ್ಕಬಾರದು, ಅಲ್ಯೂಮಿನಿಯಂ ಮೇಲಿನ ತೆಳು ಅಂಕಿಗಳು ಅಳಿಸಿಹೋದಾವು. ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಶ್ಶು ಸಾಕು. ಒರೆಸಿ ಒಣಗಿಸಿ, ಮೇಲೆ ತೆಳುಕಾಗದ ಇಟ್ಟು ಪೆನ್ಸಿಲ್ಲಿನಿಂದ ಹಗುರವಾಗಿ ಉಜ್ಜಿದರೆ ಕಣ್ಣಿಗೆ ಕಾಣದ ಅಂಕಿಯೂ ಕಾಗದದ ಮೇಲೆ ಮೂಡುತ್ತದೆ. ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಕಾಗದ ಇಟ್ಟು ಇದನ್ನೇ ಮಾಡಿದ್ದೇವೆ.

ಫೋಕ್ಸ್‌ವ್ಯಾಗನ್ ಅಂಕಿ ಸಾಮಾನ್ಯವಾಗಿ ಮೂರು ಮೂರರ ಮೂರು ಗುಂಪು, ಕೆಲವೊಮ್ಮೆ ಕೊನೆಯಲ್ಲಿ ಒಂದು ಅಕ್ಷರ. ಮೊದಲ ಗುಂಪು ಆ ಭಾಗವನ್ನು ಮೊದಲು ಯಾವ ವಾಹನಕ್ಕಾಗಿ ಮಾಡಿದರೆಂದು ಹೇಳುತ್ತದೆ. 211 ಎಂದಿದ್ದರೆ ವ್ಯಾನು, 111 ಅಥವಾ 113 ಎಂದಿದ್ದರೆ ಬೀಟಲ್ ಕಾರು. ವ್ಯಾನಿನೊಳಗೆ ಕಾರಿನ ಅಂಕಿ ಕಂಡರೆ ಯಾರೋ ಮೋಸ ಮಾಡಿದ್ದಾರೆಂದು ಗಾಬರಿ ಬೀಳಬೇಕಿಲ್ಲ. ಎಂಜಿನ್ನಿನ ಎಷ್ಟೋ ಭಾಗಗಳು ಎರಡಕ್ಕೂ ಒಂದೇ. ಎರಡನೆಯ ಗುಂಪಿನ ಮೊದಲ ಅಂಕಿಯೇ ನಮಗೆ ಬೇಕಾದ್ದು. 1 ಇದ್ದರೆ ಎಂಜಿನ್ನು, 3 ಗೇರ್‌ಬಾಕ್ಸು, 4 ಮುಂದಿನ ಆಕ್ಸಲ್ ಮತ್ತು ಸ್ಟೀರಿಂಗು, 6 ಚಕ್ರ ಮತ್ತು ಬ್ರೇಕು, 8 ಬಾಡಿ, 9 ಎಲೆಕ್ಟ್ರಿಕಲ್ಲು. ಎಡ ಬಲ ಎಂದು ಜೋಡಿಯಾಗಿ ಬರುವ ಭಾಗಗಳಲ್ಲಿ ಕೊನೆಯ ಅಂಕಿ ಬೆಸವಾಗಿದ್ದರೆ ಸಾಮಾನ್ಯವಾಗಿ ಎಡದ್ದು, ಸಮವಾಗಿದ್ದರೆ ಬಲದ್ದು. ಏನೆಂದೇ ಗೊತ್ತಿಲ್ಲದ ಒಂದು ಕಬ್ಬಿಣದ ತುಂಡು, ಅಂಕಿ ಓದಿದ ಮೇಲೆ ಬಾಡಿಗೆ ಸೇರಿದ್ದು, ಬಲಗಡೆಯದು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಒಂದು ಎಚ್ಚರ ಬೇಕು. ಎರಕ ಹೊಯ್ದ ಭಾಗಗಳ ಮೇಲೆ ಇರುವ ಅಂಕಿ ಕೆಲವೊಮ್ಮೆ ಕಚ್ಚಾ ಎರಕದ್ದು, ಕೆತ್ತಿ ಮುಗಿಸಿದ ಭಾಗದ ಅಂಕಿ ಬೇರೆಯೇ ಇರುತ್ತದೆ.

ಎಲೆಕ್ಟ್ರಿಕಲ್ ಭಾಗಗಳ ಮೇಲೆ ಬಾಷ್ ಕಂಪನಿಯ ಹತ್ತು ಅಂಕಿಗಳಿರುತ್ತವೆ. ಆಡುಗೋಡಿಯ ಮೈಕೊ ಎಂದು ನಾವು ಕರೆಯುತ್ತಿದ್ದೆವಲ್ಲ, 2008ರಲ್ಲಿ ಹೆಸರು ಬದಲಾಯಿತಲ್ಲ, ಆ ಬಾಷ್. ಅಲ್ಲಿಯೂ ಮೊದಲ ನಾಲ್ಕು ಅಂಕಿ ನೋಡಿದರೆ ಜಾತಿ ತಿಳಿಯುತ್ತದೆ. 0 001 ಸ್ಟಾರ್ಟರ್ ಮೋಟಾರು, 0 221 ಇಗ್ನಿಷನ್ ಕಾಯಿಲು, 0 231 ಡಿಸ್ಟ್ರಿಬ್ಯೂಟರು, 0 332 ರಿಲೇ.

ವಾಹನದ ವರ್ಷ ಗೊತ್ತಿರುವುದೂ ಮುಖ್ಯ, ಅದರಲ್ಲೊಂದು ತೊಡಕಿದೆ. ಈ ಕಂಪನಿಯ ಮಾದರಿ ವರ್ಷ ಆಗಸ್ಟ್‌ನಲ್ಲಿ ಹುಟ್ಟುತ್ತದೆ. 1971ರ ಆಗಸ್ಟ್‌ನಿಂದ 1972ರ ಜುಲೈವರೆಗೆ ತಯಾರಾದದ್ದು 1972ರ ಮಾದರಿ. 1972ರ ಕೊನೆಗೆ ನೋಂದಣಿಯಾದ ವ್ಯಾನು 1973ರ ಮಾದರಿಯದ್ದಾಗಿರಬಹುದು. ಆ ಒಂದು ವರ್ಷದ ಅಂತರ ಸಣ್ಣದಲ್ಲ. 1972ರ ಮಾದರಿಯಲ್ಲಿ ಹಿಂದಿನ ದೀಪಗಳು ದೊಡ್ಡವಾದವು, ಆದರೆ ಮುಂದಿನ ಇಂಡಿಕೇಟರ್‌ಗಳು ಇನ್ನೂ ಕೆಳಗೆ ಬಂಪರಿನ ಹತ್ತಿರವೇ ಇದ್ದವು. ಮರುವರ್ಷ ಅವು ಮೇಲಕ್ಕೆ, ಗಾಳಿಯ ಜಾಲರಿಯ ಪಕ್ಕಕ್ಕೆ ಏರಿದವು. ಹಳೆಯದರ ಮುಖ, ಹೊಸದರ ಬೆನ್ನು ಇರುವ ಈ ಒಂದು ವರ್ಷದ ವ್ಯಾನಿಗೆ ಭಾಗ ಹುಡುಕುವವರು ಪಡುವ ಪಾಡು ಅಷ್ಟಿಷ್ಟಲ್ಲ. ನೋಂದಣಿ ಪುಸ್ತಕ ನಂಬುವುದಕ್ಕಿಂತ ಚಾಸಿಸ್ ನಂಬರ್ ನೋಡುವುದು ಮೇಲು. ಆ ಕಾಲದ ಹತ್ತು ಅಂಕಿಗಳ ನಂಬರಿನಲ್ಲಿ ಮೂರನೆಯ ಅಂಕಿಯೇ ಮಾದರಿ ವರ್ಷದ ಕೊನೆಯ ಅಂಕಿ.

ಅಳಿಯನ ವ್ಯಾನಿನ ಜೊತೆ ಬಂದ ಡಬ್ಬಿಯಲ್ಲಿ ಅಂಕಿಯೇ ಓದಲಾಗದ ಒಂದು ವಸ್ತುವಿತ್ತು. ಮುಷ್ಟಿಯೊಳಗೆ ಅಡಗುವಷ್ಟು ದೊಡ್ಡದು, ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಲೋಹದ ಗುಂಡು ಡಬ್ಬಿ, ಒಂದು ತುದಿಯಲ್ಲಿ ಬೋಲ್ಟು ಕೂರುವ ತಿರುಪು. ಅಲ್ಲಾಡಿಸಿದರೆ ಸದ್ದಿಲ್ಲ, ಒತ್ತಿದರೆ ಅಲುಗದು.

"ಮಾವ, ಇದು ಗ್ಯಾಸಿನದ್ದಾ? ಎಸೆದುಬಿಡ್ಲಾ?" ಅಂದ ಅಳಿಯ.

"ತಡಿಯೋ. ಒಂದು ಪಾತ್ರೇಲಿ ನೀರು ಕಾಯಿಸು."

ಅವನ ಹೆಂಡತಿ ಹಾಲು ಕಾಯಿಸುವ ಪಾತ್ರೆ ಕೊಡಲಿಲ್ಲ, ಅದು ನ್ಯಾಯವೇ. ಹಳೆಯದೊಂದು ಪಾತ್ರೆಯಲ್ಲಿ ನೀರು ಕುದಿಸಿ ಅದನ್ನು ಇಳಿಬಿಟ್ಟೆವು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮಡಿಕೆಗಳು ಬಿಡಿಸಿಕೊಳ್ಳತೊಡಗಿದವು, ಡಬ್ಬಿ ಕಣ್ಣೆದುರೇ ಉದ್ದವಾಯಿತು. ಇಕ್ಕಳದಲ್ಲಿ ಎತ್ತಿ ಬಟ್ಟೆಯ ಮೇಲಿಟ್ಟು ಆರಲು ಬಿಟ್ಟರೆ ಮತ್ತೆ ಕುಗ್ಗಿ ಮೊದಲಿನಂತಾಯಿತು.

ಅದು ಎಂಜಿನ್ನಿನ ಥರ್ಮೋಸ್ಟಾಟ್. ಈ ಎಂಜಿನ್ನಿಗೆ ರೇಡಿಯೇಟರ್ ಇಲ್ಲ, ನೀರಿಲ್ಲ. ಒಂದು ಫ್ಯಾನು ಬೀಸುವ ಗಾಳಿಯೇ ಅದನ್ನು ತಂಪಾಗಿಡಬೇಕು. ಎಂಜಿನ್ನು ತಣ್ಣಗಿದ್ದಾಗ ಗಾಳಿಯ ದಾರಿಗೆ ಅಡ್ಡ ಕದಗಳು ಮುಚ್ಚಿರುತ್ತವೆ, ಬೇಗ ಬಿಸಿಯೇರಲಿ ಎಂದು. ಸುಮಾರು 65ರಿಂದ 70 ಡಿಗ್ರಿಗೆ ಈ ತಿದಿ ಹಿಗ್ಗಿ, ಒಂದು ಸರಳನ್ನು ತಳ್ಳಿ ಕದ ತೆರೆಯುತ್ತದೆ. ಇದರ ಜಾಣತನ ಇರುವುದು ಕೆಟ್ಟಾಗ. ತಿದಿಯಲ್ಲಿ ಸಣ್ಣ ರಂಧ್ರವಾಗಿ ಒಳಗಿನ ಬಿಗಿ ಹೋದರೆ ಅದು ಹಿಗ್ಗಿಯೇ ನಿಲ್ಲುತ್ತದೆ, ಕದ ತೆರೆದೇ ಇರುತ್ತದೆ, ಎಂಜಿನ್ನು ಸುಡುವುದಿಲ್ಲ. ಹಾಗಾಗಿ ತಣ್ಣಗಿರುವಾಗಲೂ ಉದ್ದವಾಗಿದ್ದರೆ ಅದು ಸತ್ತಿದೆ ಎಂದರ್ಥ. ನಮ್ಮದು ಬದುಕಿತ್ತು. ಹಾಗಿದ್ದರೆ ಡಬ್ಬಿಗೆ ಬಂದದ್ದೇಕೆ? ಗಾಳಿಯಿಂದ ತಣಿಯುವ ಎಂಜಿನ್ನಿಗೆ ಗಾಳಿ ತಡೆಯುವುದು ಯಾಕೆ ಎಂದು ಯಾವುದೋ ಮೆಕ್ಯಾನಿಕ್ಕು ಕಿತ್ತಿದ್ದಾನೆ. ಇಂಥ ಬುದ್ಧಿವಂತರು ಎಲ್ಲ ದೇಶದಲ್ಲೂ ಇದ್ದಾರೆ. ತಣ್ಣನೆಯ ಎಂಜಿನ್ನು ತಣ್ಣಗೇ ಓಡಿದಷ್ಟೂ ಬೇಗ ಸವೆಯುತ್ತದೆ, ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತದೆ.

ಈಗ ಎರಡನೆಯ ಕೈ. ಇದು ಅಂಕಿ ಬರೆಯದ ಕೈ. ಸಿಡ್ಮತ್‌ನ ಬಡಗಿಗೆ ತಾನು ಹಾಕಿದ ತಿರುಪಿನ ಮೇಲೆ ನಂಬರ್ ಕೆತ್ತುವ ಅಗತ್ಯ ಕಾಣಲಿಲ್ಲ. ಆದರೆ ಅವನ ಕೈಗೂ ಗುರುತಿದೆ, ಅದು ಸಿಗುವುದು ಪಾನಾದಲ್ಲಿ. ಜರ್ಮನಿಯವರು ಎಲ್ಲ ನಟ್ಟುಗಳನ್ನೂ ಮಿಲಿಮೀಟರಿನಲ್ಲಿ ಮಾಡಿದವರು. 10, 13, 17ರ ಪಾನಾ ಸರಿಯಾಗಿ ಕೂರುತ್ತದೆ. ಆ ಕಾಲದ ಇಂಗ್ಲೆಂಡಿನ ಕಾರ್ಯಾಗಾರದಲ್ಲಿ ಎಲ್ಲವೂ ಇಂಚು. 12 ಸಡಿಲ, 11 ಚಿಕ್ಕದು, ಏಳರ-ಹದಿನಾರು ಇಂಚಿನ ಪಾನಾ ಮಾತ್ರ ಹಿಡಿಯುತ್ತದೆ ಅಂದರೆ ನೀವು ಜರ್ಮನಿ ದಾಟಿ ಬಂದಿದ್ದೀರಿ. ಅಂಬಾಸಡರ್ ಬಿಚ್ಚಿ ಕೈ ಪಳಗಿಸಿಕೊಂಡ ನಮ್ಮಂಥವರಿಗೆ ಇಂಚಿನ ಪಾನಾ ಹಳೆಯ ಗೆಳೆಯ. ಅಂಬಾಸಡರ್ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರೇ ತಾನೆ.

ಅಳಿಯನ ವ್ಯಾನಿನ ಆಸನದ ಕೆಳಗೆ ಎರಡು ಉದ್ದನೆಯ ಕೊಳವೆಗಳೂ ಸುತ್ತಿಟ್ಟ ಕ್ಯಾನ್ವಾಸೂ ಇದ್ದವು. ಡೇರೆಯ ಕಂಬ ಎಂದು ಅವನು ತೀರ್ಮಾನಿಸಿದ್ದ. ಡೇರೆಯ ಕಂಬವಾಗಿದ್ದರೆ ಒಂದು ತುದಿ ಮಣ್ಣಿನಲ್ಲಿ ನಿಂತು ಸವೆದಿರಬೇಕಿತ್ತು. ಇವುಗಳ ಎರಡು ತುದಿಗಳೂ ಒಂದೇ ರೀತಿ, ಬೆರಳಗಲದಷ್ಟು ಉದ್ದ ಬಣ್ಣ ಉಜ್ಜಿಹೋಗಿ ಹೊಳೆಯುತ್ತಿದ್ದವು. ಅಂದರೆ ಎರಡೂ ತುದಿ ಯಾವುದೋ ಗುಳಿಯಲ್ಲಿ ಕೂತು ಅಲುಗಾಡಿವೆ. ಹಾಗಿದ್ದರೆ ಆ ಗುಳಿಗಳು ಎಲ್ಲಿ? ಚಾಲಕನ ಕೋಣೆಯ ಕಂಬಗಳ ಮೇಲೆ, ಎರಡೂ ಬಾಗಿಲುಗಳ ಹಿಂದೆ ಮುಂದೆ, ನಾಲ್ಕು ಸಣ್ಣ ಬ್ರಾಕೆಟ್ಟುಗಳಿದ್ದವು. ಪರದೆಗೆಂದು ಅವನು ಅಂದುಕೊಂಡಿದ್ದವು. ಕೊಳವೆಯನ್ನು ಅಡ್ಡಡ್ಡ ಹಿಡಿದರೆ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಅಳತೆ ಸರಿಯಾಗಿ ಹೊಂದಿತು. ಕ್ಯಾನ್ವಾಸಿನ ಎರಡು ಅಂಚಿನ ಮಡಿಕೆಯಲ್ಲಿ ಕೊಳವೆ ತೂರಿಸಿ ಬ್ರಾಕೆಟ್ಟಿನಲ್ಲಿಟ್ಟೆವು. ಸ್ಟೀರಿಂಗಿನ ಮೇಲೆ, ಮುಂದಿನ ಆಸನಗಳ ಮೇಲೆ ತೂಗುವ ಒಂದು ಹಾಸಿಗೆ ಸಿದ್ಧವಾಯಿತು. ದೊಡ್ಡವರಿಗಲ್ಲ, ಮಗುವಿಗೆ. ಅಪ್ಪ ಅಮ್ಮ ಹಿಂದೆ ಮಲಗಿದರೆ ಮಗು ಇಲ್ಲಿ. ಅವನ ಐದು ವರ್ಷದ ಮಗಳು ಹತ್ತಿ ಕೂತವಳು ಊಟಕ್ಕೆ ಕರೆದರೂ ಇಳಿಯಲಿಲ್ಲ.

ಸವೆತ, ಉಜ್ಜಿದ ಗುರುತು, ಬಿಸಿಲು ತಾಗದ ಕಡೆ ಉಳಿದ ಹಳೆಯ ಬಣ್ಣ, ಇವುಗಳನ್ನು ಓದಬೇಕು. ಅದಕ್ಕೇ ನಾನು ಹೇಳುವುದು, ಬಿಚ್ಚುವ ಮೊದಲು ಫೋಟೊ ತೆಗೆಯಿರಿ, ಸುದ್ದೆಯಲ್ಲಿ ಬಾಣದ ಗುರುತು ಹಾಕಿ, ಬಿಚ್ಚಿದ ಮೇಲೆ ಬೋಲ್ಟನ್ನು ಅದೇ ತೂತಿಗೆ ವಾಪಸ್ಸು ತಿರುಗಿಸಿಡಿ. ಇದ್ದ ಜಾಗದಿಂದ ಕಿತ್ತು ಡಬ್ಬಿಗೆ ಹಾಕಿದ ಭಾಗದ ಅರ್ಧ ಕಥೆ ಕಿತ್ತ ಗಳಿಗೆಯಲ್ಲೇ ಹೋಗಿರುತ್ತದೆ.

ನೆಲದ ತೂತಿನ ವಿಷಯಕ್ಕೆ ಬರುತ್ತೇನೆ, ಇದು ಪ್ರಾಣದ ವಿಷಯ. ಗ್ಯಾಸ್ ಸಿಲಿಂಡರ್ ಇಡುವ ಕಪಾಟಿನ ತಳದಲ್ಲಿ ಒಂದು ತೂತು ಇರುತ್ತದೆ, ನೋಡಿದರೆ ಕೆಳಗೆ ರಸ್ತೆ ಕಾಣುತ್ತದೆ. ಹೊಸದಾಗಿ ಕೊಂಡವರು ಇದನ್ನು ತುಕ್ಕು ತಿಂದ ತೂತು ಎಂದುಕೊಂಡು, ಚಳಿಗಾಳಿ ಬರುತ್ತದೆಂದು, ಚಿಂದಿ ತುರುಕಿ ಮುಚ್ಚುತ್ತಾರೆ. ಮುಚ್ಚಬಾರದು. ನಮ್ಮ ಅಡುಗೆಮನೆಗೆ ಬರುವ ಗ್ಯಾಸಿನಲ್ಲಿರುವುದೇ ಅಲ್ಲಿಯೂ ಇರುವುದು, ಬ್ಯುಟೇನ್ ಅಥವಾ ಪ್ರೊಪೇನ್. ಎರಡೂ ಗಾಳಿಗಿಂತ ಭಾರ; ಪ್ರೊಪೇನ್ ಒಂದೂವರೆ ಪಾಲು, ಬ್ಯುಟೇನ್ ಎರಡು ಪಾಲು. ಸೋರಿದರೆ ಮೇಲೇರದು, ನೀರಿನಂತೆ ತಳಕ್ಕಿಳಿದು ನಿಲ್ಲುತ್ತದೆ. ಹಾಗೆ ಇಳಿದದ್ದು ವ್ಯಾನಿನಿಂದ ಹೊರಬೀಳಲಿ ಎಂದೇ ಆ ತೂತು. ತುಕ್ಕಿನ ತೂತಿಗೂ ಇದಕ್ಕೂ ವ್ಯತ್ಯಾಸ ಬೆರಳಿಗೆ ತಿಳಿಯುತ್ತದೆ. ತುಕ್ಕಿನದು ಅಂಕುಡೊಂಕು, ಅಂಚು ಚೂಪು, ಮುಟ್ಟಿದರೆ ಪುಡಿ ಉದುರುತ್ತದೆ. ಬೇಕೆಂದು ಕೊರೆದದ್ದು ದುಂಡಗೆ, ಎಷ್ಟೋ ಕಡೆ ಸಣ್ಣ ಜಾಲರಿಯೂ ಇರುತ್ತದೆ.

ಗ್ಯಾಸಿನ ರೆಗ್ಯುಲೇಟರ್ ಮೇಲೂ ಒಂದು ಅಂಕಿ ಇರುತ್ತದೆ. ಬ್ರಿಟನ್ನಿನ ಹಳೆಯ ಸಾಮಾನಿನಲ್ಲಿ 28 ಮಿಲಿಬಾರ್ ಎಂದಿದ್ದರೆ ಬ್ಯುಟೇನಿನದು, 37 ಎಂದಿದ್ದರೆ ಪ್ರೊಪೇನಿನದು. ಅಲ್ಲಿ ನೀಲಿ ಸಿಲಿಂಡರ್ ಬ್ಯುಟೇನ್, ಕೆಂಪು ಪ್ರೊಪೇನ್. ಸೊನ್ನೆ ಡಿಗ್ರಿಯ ಹತ್ತಿರ ಬ್ಯುಟೇನ್ ಆವಿಯಾಗುವುದೇ ನಿಂತುಹೋಗುತ್ತದೆ, ಚಳಿಗಾಲದಲ್ಲಿ ಚಹಾ ಬೇಕೆಂದರೆ ಕೆಂಪೇ ಗತಿ. ಇನ್ನು ಹೊರಗೋಡೆಯಲ್ಲಿ ಒಂದು ಜಾಲರಿ, ಒಳಗೆ ಸುಟ್ಟ ವಾಸನೆಯ ಸಣ್ಣ ಕೊಳವೆ ಕಂಡರೆ ಅಲ್ಲಿ ಒಂದು ಕಾಲದಲ್ಲಿ ಗ್ಯಾಸಿನಿಂದ ನಡೆಯುವ ಫ್ರಿಜ್ ಇತ್ತೆಂದು ತಿಳಿಯಿರಿ. ಬೆಂಕಿ ಹಚ್ಚಿ ತಂಪು ಮಾಡುವ ಈ ಉಪಾಯ ಕಂಡುಹಿಡಿದವರು 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಫಾನ್ ಪ್ಲಾಟೆನ್ ಮತ್ತು ಮುಂಟರ್ಸ್.

ತಂತಿಗಳ ಮಾತು ನನ್ನ ಸ್ವಂತ ಕಸುಬಿನದು, ಸ್ವಲ್ಪ ಹೆಚ್ಚು ಹೇಳಿದರೆ ಸಹಿಸಿಕೊಳ್ಳಿ.

ಆಸನದ ಕೆಳಗೆ ಒಂದು ಕಂದು ತಂತಿ ಸಿಕ್ಕಿತು. ಕಂದು ಅಂದರೆ ಏನು? ಜರ್ಮನಿಯ ವಾಹನದಲ್ಲಿ ಕಂದು ಎಂದರೆ ಅರ್ತ್, ಅಂದರೆ ಬಾಡಿಗೆ ಸೇರುವ ತಂತಿ, ಮುಟ್ಟಿದರೆ ತೊಂದರೆಯಿಲ್ಲ. ಬ್ರಿಟಿಷ್ ಕಾರಿನ ಪದ್ಧತಿಯಲ್ಲಿ ಕಂದು ಎಂದರೆ ಬ್ಯಾಟರಿಯಿಂದ ನೇರ ಬಂದದ್ದು, ಕೀ ತೆಗೆದರೂ ಕರೆಂಟ್ ಇರುವ ತಂತಿ. ಅಲ್ಲಿ ಅರ್ತ್ ಕಪ್ಪು. ಜರ್ಮನಿಯಲ್ಲಿ ಕಪ್ಪು ಎಂದರೆ ಕೀ ತಿರುಗಿಸಿದಾಗ ಕರೆಂಟ್ ಬರುವ ತಂತಿ. ಇಷ್ಟೇ ಆಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಕ್ಯಾಂಪರ್ ವ್ಯಾನಿಗೆ ಹೊರಗಿನ ಮನೆಯ ಕರೆಂಟನ್ನೂ ತಂದು ಸೇರಿಸುವ ಪ್ಲಗ್ಗಿರುತ್ತದೆ. ಸುಮಾರು 1970ರಿಂದ ಈಚೆಗೆ ಬ್ರಿಟನ್ನಿನ ಮನೆಸಾಮಾನಿನ ವೈರಿನಲ್ಲಿ ಕಂದು ಎಂದರೆ 240 ವೋಲ್ಟಿನ ಫೇಸು. ಒಂದೇ ವ್ಯಾನು, ಒಂದೇ ಬಣ್ಣ: ಮೊದಲ ಕೈಗೆ ಅರ್ತ್, ಎರಡನೆಯ ಕೈಗೆ ಬ್ಯಾಟರಿ, ಮೂರನೆಯ ಕೈಗೆ ಸಾವು. ಬಣ್ಣ ನೋಡಿ ತಂತಿ ಹಿಡಿಯುವವರು ಇಂಥ ವ್ಯಾನಿನ ಹತ್ತಿರ ಸುಳಿಯಬಾರದು. ಹೊರಗಿನ ಪ್ಲಗ್ ಕಿತ್ತಿಟ್ಟು, ಬ್ಯಾಟರಿಯ ಅರ್ತ್ ಬಿಚ್ಚಿ, ತಂತಿಯ ಎರಡು ತುದಿಗಳನ್ನೂ ಮೀಟರಿನಿಂದ ಹುಡುಕಿ, ಆಮೇಲೆ ಹೆಸರಿಡಬೇಕು.

ಆ ಕಂದು ತಂತಿ ಹೋಗಿ ಸೇರಿದ್ದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ತಗಡಿನ ಪೆಟ್ಟಿಗೆಗೆ. ರಿಲೇ ಎಂಬುದು ಸ್ಪಷ್ಟ. ಯಾವುದರ ರಿಲೇ? ಜರ್ಮನಿಯವರ ಒಂದು ಉಪಕಾರ ಇಲ್ಲಿ ನೆನೆಯಬೇಕು. ಅವರ ಡಿಐಎನ್ 72552 ಎಂಬ ಮಾನಕದಂತೆ ವಾಹನದ ಪ್ರತಿ ಟರ್ಮಿನಲ್ಲಿಗೂ ಒಂದು ಅಂಕಿ ಇದೆ. 30 ಎಂದರೆ ಬ್ಯಾಟರಿಯಿಂದ ನೇರ, 15 ಕೀಯಿಂದ, 31 ಅರ್ತ್, 50 ಸ್ಟಾರ್ಟರ್, 53 ವೈಪರ್, 58 ಪಾರ್ಕಿಂಗ್ ದೀಪ. ರಿಲೇಯಲ್ಲಿ 85, 86 ಒಳಗಿನ ಕಾಯಿಲಿನವು, 87 ಹೊರಹೋಗುವ ದಾರಿ. ಮಾರುತಿಯಿಂದ ಲಾರಿಯವರೆಗೆ ನಮ್ಮ ರಿಲೇಗಳ ಮೇಲೂ ಈ ಅಂಕಿಗಳಿವೆ, ಹುಡುಗರು ಅರ್ಥ ಗೊತ್ತಿಲ್ಲದೆಯೇ ಬಾಯಿಪಾಠ ಮಾಡಿರುತ್ತಾರೆ. ಅಳಿಯನ ರಿಲೇಯ ಕೆಳಗೆ 30/51, 85, 86, 87. 85 ಅರ್ತಿಗೆ ಹೋಗಿತ್ತು. 30 ಎಂಜಿನ್ನಿನ ಬ್ಯಾಟರಿಗೆ. 87ರಿಂದ ದಪ್ಪ ತಂತಿಯೊಂದು ಹೊರಟು ಕಪಾಟಿನೊಳಗೆ ಗಾಳಿಯಲ್ಲಿ ನೇತಾಡುತ್ತಿತ್ತು. ಗುಟ್ಟು ಇದ್ದದ್ದು 86ರಲ್ಲಿ. ಆ ಸಣ್ಣ ತಂತಿ ವ್ಯಾನಿನ ಉದ್ದಕ್ಕೂ ಹೋಗಿ 61 ಎಂಬ ಟರ್ಮಿನಲ್ಲಿಗೆ ಸೇರಿತ್ತು. 61 ಎಂದರೆ ಡ್ಯಾಶ್‌ಬೋರ್ಡಿನಲ್ಲಿ ಚಾರ್ಜಿಂಗ್ ದೀಪಕ್ಕೆ ಹೋಗುವ ತಂತಿ.

ಈಗ ಲೆಕ್ಕ ಹಾಕಿ. ಡೈನಮೊ ಚಾರ್ಜ್ ಮಾಡುವಾಗ ಮಾತ್ರ 61ರಲ್ಲಿ ಕರೆಂಟ್ ಇರುತ್ತದೆ. ಆಗ ಮಾತ್ರ ಈ ರಿಲೇ ಕಚ್ಚಿಕೊಂಡು ಎಂಜಿನ್ನಿನ ಬ್ಯಾಟರಿಯ ಕರೆಂಟನ್ನು ಕಪಾಟಿನ ಕಡೆಗೆ ಬಿಡುತ್ತದೆ. ಎಂಜಿನ್ನು ನಿಂತರೆ ಸಂಬಂಧ ಕಡಿಯುತ್ತದೆ. ಅಂದರೆ ಕಪಾಟಿನಲ್ಲಿ ಎರಡನೆಯ ಬ್ಯಾಟರಿ ಇತ್ತು, ದೀಪಕ್ಕೂ ನೀರಿನ ಪಂಪಿಗೂ. ಓಡುವಾಗ ಎರಡೂ ಚಾರ್ಜ್ ಆಗಬೇಕು, ನಿಂತಾಗ ರಾತ್ರಿಯಿಡೀ ದೀಪ ಉರಿಸಿದರೂ ಬೆಳಿಗ್ಗೆ ಎಂಜಿನ್ನು ಹತ್ತಬೇಕು, ಅದಕ್ಕಾಗಿ ಈ ಕಾವಲುಗಾರ. ಬ್ಯಾಟರಿ ಇಟ್ಟ ಜಾಗದಲ್ಲಿ ಆಸಿಡ್ ಬಿದ್ದು ಬಣ್ಣ ಎದ್ದ ಚೌಕ ಗುರುತೂ ಇತ್ತು. ಅದನ್ನು ಮೊದಲೇ ನೋಡಿದ್ದೆವು, ಅರ್ಥವಾಗಿರಲಿಲ್ಲ.

ಮೂರನೆಯ ಕೈ ಮಾಲೀಕರದ್ದು. ಇದಕ್ಕೆ ನಿಯಮವಿಲ್ಲ. ಕಪ್ಪು ಟೇಪು ಸುತ್ತಿದ ಜೋಡಣೆ, ಒಂದರ ಪಕ್ಕ ಇನ್ನೊಂದು ಗಾತ್ರದ ತಿರುಪು, ಬೇರೆ ವಾಹನದಿಂದ ತಂದ ಸ್ವಿಚ್ಚು ಕಂಡರೆ ಇವರದೇ ಕೆಲಸ. ಕ್ಯಾಟಲಾಗು ಮುಚ್ಚಿಟ್ಟು ಮನುಷ್ಯರ ಬಗ್ಗೆ ಯೋಚಿಸಬೇಕು. ಈ ವ್ಯಾನು ಎಲ್ಲೆಲ್ಲಿ ಹೋಗಿರಬಹುದು? 1960ರ, 70ರ ದಶಕಗಳಲ್ಲಿ ಇಂಥ ವ್ಯಾನುಗಳು ಯುರೋಪಿನಿಂದ ಹೊರಟು ಇಸ್ತಾನ್‌ಬುಲ್, ಟೆಹರಾನ್, ಕಾಬೂಲ್, ಲಾಹೋರ್ ಮಾರ್ಗವಾಗಿ ದಿಲ್ಲಿಗೂ ಗೋವಾಕ್ಕೂ ಬರುತ್ತಿದ್ದವು. 1979ರಲ್ಲಿ ಇರಾನಿನ ಕ್ರಾಂತಿ, ಅದೇ ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ಬಂದದ್ದು, ಎರಡೂ ಸೇರಿ ಆ ದಾರಿ ಮುಚ್ಚಿತು. ಆ ದಾರಿ ಹಿಡಿದವರು ವ್ಯಾನಿಗೆ ಏನೇನೋ ಸೇರಿಸುತ್ತಿದ್ದರು: 20 ಲೀಟರಿನ ಕ್ಯಾನು ಹಿಡಿಯುವ ಕಬ್ಬಿಣದ ಚೌಕಟ್ಟು, ಕೊಳಕು ಪೆಟ್ರೋಲಿಗೆ ಇನ್ನೊಂದು ಫಿಲ್ಟರು, ಚಾವಣಿಯ ಮೇಲೆ ಕ್ಯಾರಿಯರು. ನಮ್ಮ ವ್ಯಾನು ಅಷ್ಟು ದೂರ ಬಂದ ಲಕ್ಷಣ ಏನೂ ಇರಲಿಲ್ಲ. ಅದರ ಮಾಲೀಕರು ಮಹಾ ಅಂದರೆ ಸ್ಕಾಟ್ಲೆಂಡಿಗೆ ಹೋಗಿದ್ದಿರಬೇಕು, ಕಪಾಟಿನ ಹಿಂದೆ ಸಿಕ್ಕಿಬಿದ್ದಿದ್ದ ಹಳೆಯ ರಸ್ತೆನಕ್ಷೆಯನ್ನು ನಂಬುವುದಾದರೆ.

ಕೊನೆಗೆ ಉಳಿದದ್ದು ಒಂದು ಸ್ವಿಚ್ಚು. ಹೆಸರಿಲ್ಲ, ಚೀಟಿಯಿಲ್ಲ, ಕಾಣದ ಜಾಗದಲ್ಲಿ ಕೂತಿದೆ. ಒತ್ತಿದರೆ ದೀಪ ಹತ್ತದು, ಪಂಪು ತಿರುಗದು, ಯಾವ ಸದ್ದೂ ಇಲ್ಲ. ಕೆಟ್ಟಿದೆ ಎಂದು ಅಳಿಯ ತೆಗೆದುಹಾಕಲು ಹೊರಟ. ಸಂಜೆ ವ್ಯಾನು ಸ್ಟಾರ್ಟ್ ಮಾಡಿದರೆ ಎಂಜಿನ್ನು ತಿರುಗುತ್ತದೆ, ಹತ್ತುವುದಿಲ್ಲ. ಪೆಟ್ರೋಲ್ ಇದೆ, ಬ್ಯಾಟರಿ ಇದೆ. ಪ್ಲಗ್ಗಿನಲ್ಲಿ ಕಿಡಿಯಿಲ್ಲ. ಕಾಯಿಲಿನ 15ನೆಯ ಟರ್ಮಿನಲ್ಲಿಗೆ ಟೆಸ್ಟ್ ಲ್ಯಾಂಪ್ ಹಿಡಿದೆ, ಕೀ ಹಾಕಿದ್ದರೂ ಉರಿಯಲಿಲ್ಲ. ತಂತಿಯ ಜಾಡು ಹಿಡಿದು ಹೋದರೆ, ಕಾಯಿಲಿಗೆ ಬರುವ ಕರೆಂಟು ದಾರಿ ಬಿಟ್ಟು ಸುತ್ತಿ ಬಳಸಿ ಆ ಸ್ವಿಚ್ಚಿನ ಮೂಲಕ ಬರುತ್ತಿತ್ತು.

"ಇದ್ಯಾರು ಮಾವ ಹೀಗೆ ಮಾಡಿದ್ದು?"

"ಕಳ್ಳರಿಗೆ ಹೆದರಿದ ಯಾರೋ ಜಾಣ ಕಣೋ. ಸ್ವಿಚ್ ಆಫ್ ಮಾಡಿ ಮಲಗಿದರೆ, ಕಳ್ಳ ಕೀಯಿಲ್ಲದೆ ತಂತಿ ಜೋಡಿಸಿದರೂ ವ್ಯಾನು ಹೋಗಲ್ಲ."

"ಹಾಗಾದ್ರೆ ಇರಲಾ?"

"ಇರಲಿ. ತಂತಿ ಮಾತ್ರ ಹೊಸದು ಹಾಕೋಣ."

ಹಾಕಿದೆವು. ವ್ಯಾನು ಈಗ ಅಳಿಯನ ಮನೆಯ ಬೀದಿಯಲ್ಲಿ ನಿಲ್ಲುತ್ತದೆ. ಆ ಸ್ವಿಚ್ಚು ಎಲ್ಲಿದೆ ಎಂಬುದನ್ನು ಮಾತ್ರ ಬಾನುಲಿಯಲ್ಲಿ ಹೇಳಕೂಡದೆಂದು ಅಳಿಯ ನಿನ್ನೆ ರಾತ್ರಿ ಫೋನು ಮಾಡಿ ತಾಕೀತು ಮಾಡಿದ್ದಾನೆ.